ಡೋಲಿಗೆ ಕರೆಯುವವರು ಬೀಗತನಕ್ಕೂ ಕರೆಯಲಿ
(ಇಸಳೂರಿನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕರಿಯ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್‌ರ ಹೆಸರಿನ ಉದ್ಯಾನವೊಂದಿದೆ. 1980ರಲ್ಲಿ ತೆರೆದ ಈ ಉದ್ಯಾನದೊಳಗೆ ಕಾಂಗೋ ಚೌಕವಿದೆ. ಗುಲಾಮಗಿರಿಯ ದಿನಗಳಲ್ಲಿ ಆಫ್ರಿಕಾ ಮೂಲದ ಗುಲಾಮರು ಪ್ರತಿ ಭಾನುವಾರ ಅಲ್ಲಿ ಸೇರಿ ಡೋಲು ಬಾರಿಸುತ್ತಿದ್ದರು, ಕುಣಿಯುತ್ತಿದ್ದರು, ಸಂತೆ ಹೂಡುತ್ತಿದ್ದರು. ಅಲ್ಲಿಗೆ ಭೇಟಿ ನೀಡುವವರು ಗಿಡಮರಗಳ ಜೊತೆಗೆ ಒಂದು ಜನಾಂಗದ ನೋವನ್ನೂ ಘನತೆಯನ್ನೂ ಕಂಡು ಮರಳುತ್ತಾರೆ.

ದೂರದ ಆ ಉದ್ಯಾನದ ಮಾತು ಇಸಳೂರಿನಲ್ಲೇಕೆ? ಆಫ್ರಿಕಾದ ಮಕ್ಕಳು ನಮ್ಮ ನೆರೆಯವರೂ ಹೌದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಕಾಡಂಚಿನಲ್ಲಿ ಸಿದ್ದಿಗಳು ಬಾಳುತ್ತಿದ್ದಾರೆ. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿಯಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರೂ ಇದ್ದಾರೆ. ಕಾಂಗೋ ಚೌಕದಲ್ಲಿ ಮೊಳಗಿದಂತೆಯೇ ಇಲ್ಲಿಯೂ ಅವರ ಡಮಾಮಿ ಕುಣಿತದ ಡೋಲು ಮೊಳಗುತ್ತದೆ.

ಉತ್ಸವಗಳಿಗೆ ನಾವು ಆ ಡೋಲನ್ನು ಪ್ರೀತಿಯಿಂದ ಕರೆಯುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಆದರೆ ಡೋಲು ಬಾರಿಸಿದವನ ಮನೆಗೆ ಬೀಗತನ ಬೆಳೆಸಲು ನಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದೇವೆ? ಗುಲಾಮರಾಗಿದ್ದ ಹಝ್ರತ್ ಬಿಲಾಲ್(ರ)ರು ಇಸ್ಲಾಮಿನ ಪ್ರಥಮ ಮುಅಝ್ಝಿನ್ ಆದರೆಂದು ನಾವು ಹೆಮ್ಮೆಪಡುತ್ತೇವೆ. ಕ್ರಿ.ಶ. 630ರಲ್ಲಿ ಮಕ್ಕಾ ವಿಜಯವಾದಾಗ ಕಅಬಾದ ಮೇಲೇರಿ ಅಝಾನ್ ಕೊಡಲು ಪ್ರವಾದಿ(ಸ)ರು ಅವರಿಗೇ ಹೇಳಿದರು. ನಮಾಝಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನಾವು, ಮಸೀದಿಯ ಮೆಟ್ಟಿಲಿಳಿದೊಡನೆ ಮೈಬಣ್ಣವನ್ನೂ ಮನೆತನವನ್ನೂ ಅಳೆಯಲು ತೊಡಗಿದರೆ ಆ ಹೆಮ್ಮೆಗೆ ಅರ್ಥವೇನು?

ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ವಾಸಿಸಿ ಸಾಗುವಳಿ ಮಾಡುತ್ತಿರುವ ಪರಿಶಿಷ್ಟ ಪಂಗಡದವರ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಮಾನ್ಯ ಮಾಡುತ್ತದೆ. ಆದರೆ ಕಾನೂನಿನ ಹಕ್ಕು ಕೈಗೆ ಬರಬೇಕಾದರೆ ಅರ್ಜಿ ಬರೆಯಬೇಕು, ಗ್ರಾಮಸಭೆಯಲ್ಲಿ ಕುಳಿತು ಮಾತನಾಡಬೇಕು. ನಮ್ಮ ವಿದ್ಯಾವಂತ ಯುವಕರು ಇದಕ್ಕಾಗಿ ತಿಂಗಳಿಗೊಂದು ದಿನ ಮೀಸಲಿಡಲಾರರೇ?

ಸಿದ್ದಿಗಳ ಸ್ಮರಣೆಗೂ ನಮ್ಮ ಜಿಲ್ಲೆಯಲ್ಲಿ ಒಂದು ಉದ್ಯಾನವಾಗಲಿ, ಸಂತೋಷ. ಆದರೆ ಕಲ್ಲಿನ ಪ್ರತಿಮೆಗೆ ಹಾರ ಹಾಕಿ, ಜೀವಂತ ನೆರೆಯವನನ್ನು ಹೊಸ್ತಿಲಾಚೆ ನಿಲ್ಲಿಸುವುದು ಗೌರವವಲ್ಲ. ಮುಂದಿನ ಬಾರಿ ಯಲ್ಲಾಪುರದ ಕಡೆಗೆ ಹೊರಟಾಗ ಪ್ರವಾಸಿಗರಾಗಿ ಹೋಗದೆ ಬಂಧುಗಳಾಗಿ ಹೋಗೋಣ.