ಇಂಗ್ಲಿಷಿನ ಉಚ್ಚಾರಣೆಯೂ ನಮ್ಮ ನಾಲಗೆಯೂ
(ಚಳ್ಳಕೆರೆಯ ಉಪಾಧ್ಯಾಯರ ಮುಂದೆ ಮಾಡಿದ ಭಾಷಣ)



ಹಿಂದೀ ಸೀಮೆಯವರಲ್ಲಿ ಹಲವರು ‘ಸ್ಕೂಲ್’ ಎಂಬುದನ್ನು ‘ಇಸ್ಕೂಲ್’ ಎನ್ನುವರೆಂದು ನಾವು ನಗುವುದುಂಟು. ‘ಸ್ಕೂಲು’ ಎಂದು ಕೊನೆಗೊಂದು ಉಕಾರವನ್ನು ಅಂಟಿಸುವವರಾದರೋ ನಾವೇ! ಪದದ ಮೊದಲಲ್ಲಿ ಸಕಾರದ ಒತ್ತಕ್ಷರವು ಅವರ ನಾಲಗೆಗೆ ಒಗ್ಗದು. ವ್ಯಂಜನದಲ್ಲಿ ಮುಗಿಯುವ ಪದವು ನಮ್ಮ ನಾಲಗೆಗೆ ಒಗ್ಗದು. ಇದು ಮಾತೃಭಾಷೆಯ ಕಟ್ಟಳೆಯೇ ಹೊರತು ಬುದ್ಧಿಯ ಕೊರತೆಯಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮನೆಮಾತು ಕನ್ನಡವಾಗಲಿ ತೆಲುಗಾಗಲಿ, ಪದಾದಿಯ ಎಕಾರಕ್ಕೆ ಯಕಾರವೂ ಒಕಾರಕ್ಕೆ ವಕಾರವೂ ತಾನಾಗಿ ಬಂದು ಸೇರುವುವು. ‘ಎಲ್ಲಿ’ ಎಂದು ಬರೆದು ‘ಯೆಲ್ಲಿ’ ಎನ್ನುತ್ತೇವೆ. ಕನ್ನಡಕ್ಕೆ ಇದರಿಂದ ಬಾಧಕವಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ‘ಎಸ್’ ಎಂಬ ಅಕ್ಷರದ ಹೆಸರೂ ಹೌದೆಂಬರ್ಥದ ‘ಯೆಸ್’ ಪದವೂ ಒಂದೇ ಆಗಿಬಿಡುವುವು. ನ್ಯಾಯಾಲಯದಲ್ಲಿ ಹೆಸರಿನ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಬೇಕಾದಾಗ ಇದು ಸಣ್ಣ ತೊಡಕೇ?

ಇವೆರಡನ್ನೂ ಜೋಡಿಯಾಗಿ ನುಡಿದು ಕೇಳಿಸಿರಿ; ‘ಯೆಸ್’ ಎನ್ನುವಾಗ ಮಾತ್ರ ನಾಲಗೆಯ ನಡುಭಾಗವು ಅಂಗುಳದತ್ತ ಏರುವುದನ್ನು ತೋರಿಸಿರಿ. ಕಿವಿ ತಿದ್ದಿದರೆ ನಾಲಗೆ ತಿದ್ದೀತು. ತಪ್ಪಿದ ಹುಡುಗನನ್ನು ತರಗತಿಯೆದುರು ಅಣಕಿಸಿದಿರೋ, ಅವನು ಬಾಯಿ ತೆರೆಯುವುದನ್ನೇ ಬಿಡುವನು. ನಮ್ಮ ಎರಡೂ ಊರುಗಳ ಹೆಸರಿನಲ್ಲಿರುವ ಳಕಾರವು ಇಂಗ್ಲಿಷರ ಬಾಯಲ್ಲಿ ಲಕಾರವೇ ಆಗುವುದು. ಅದಕ್ಕಾಗಿ ಅವರನ್ನು ಯಾರೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲವಷ್ಟೆ!