ಗುಬ್ಬಿಯನ್ನೂ ಬರೆಯಿರಿ

ಹಲಸಂಗಿ ಗೆಳೆಯರು 1931ರಲ್ಲಿ ತಂದ ಜನಪದ ಹಾಡುಗಳ ಸಂಗ್ರಹ ‘ಗರತಿಯ ಹಾಡು’ ಪಂಡಿತರದಲ್ಲ, ಬೀಸುವ ಹೆಣ್ಣುಮಕ್ಕಳದು. ಹಕ್ಕಿಗಳ ಲೆಕ್ಕವೂ ಹಾಗೆ ಜನರಿಂದಲೇ ಬರಬೇಕು. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿ 942 ಜಾತಿಗಳನ್ನು ತೂಗಿದ್ದು ಸುಮಾರು 30,000 ಪಕ್ಷಿವೀಕ್ಷಕರ 3 ಕೋಟಿ ದಾಖಲೆಗಳಿಂದ. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ ಎಂದು ತಿಳಿದದ್ದೂ ಇಂಥ ದಾಖಲೆಗಳಿಂದಲೇ.

ಕಲಿಯದವರ ಕಣ್ಣು ತಪ್ಪುವುದಿಲ್ಲವೇ? ತಪ್ಪುತ್ತದೆ, ಅದಕ್ಕೇ ಈ ದಾಖಲೆಗಳು ಸೇರುವ ‘ಈಬರ್ಡ್’ ಜಾಲತಾಣದಲ್ಲಿ ಅನುಮಾನದ ದಾಖಲೆಗಳನ್ನು ಬಲ್ಲವರು ಮತ್ತೆ ಪರಿಶೀಲಿಸುತ್ತಾರೆ. ನನ್ನ ಚಿಂತೆ ಬೇರೆ. ಎಲ್ಲರೂ ರಾಜಹಂಸ ನೋಡಲು ಆಲಮಟ್ಟಿ ಹಿನ್ನೀರಿಗೇ ಹೋದರೆ, ಇಂಡಿ ತಾಲ್ಲೂಕಿನ ಲಿಂಬೆ ತೋಟದ, ಸಿಂದಗಿಯ ಜೋಳದ ಹೊಲದ ಹಕ್ಕಿಗಳನ್ನು ಬರೆಯುವವರು ಯಾರು? ಪ್ರತಿ ಫೆಬ್ರವರಿಯಲ್ಲಿ ನಡೆಯುವ ಹಕ್ಕಿ ಎಣಿಕೆಗೆ ಹೊಲದ ಬದುವಿನಲ್ಲಿ 15 ನಿಮಿಷ ನಿಂತರೂ ಸಾಕು. ಗುರುತು ಹಿಡಿದದ್ದನ್ನೆಲ್ಲ ಬರೆಯಬೇಕು, ಕಾಗೆ ಗುಬ್ಬಿಗಳನ್ನೂ ಬಿಡದೆ.