ಕೊರಳಿಲ್ಲದ ಮಾತು

ಮಾತೆಂದರೆ ಬಾಯಿಂದ ಹೊರಡುವ ಸದ್ದು ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ನಮ್ಮ ಹಿಂದಿನ ಶಾಸ್ತ್ರಕಾರರು ಅಷ್ಟಕ್ಕೇ ತೃಪ್ತರಾಗಲಿಲ್ಲ. ವಾಕ್ಕಿಗೆ ಪರಾ, ಪಶ್ಯಂತೀ, ಮಧ್ಯಮಾ, ವೈಖರೀ ಎಂದು ನಾಲ್ಕು ನೆಲೆಗಳನ್ನು ಹೇಳಿ, ಕಿವಿಗೆ ಕೇಳಿಸುವ ವೈಖರಿಯನ್ನು ಎಲ್ಲಕ್ಕೂ ಕೊನೆಯಲ್ಲಿಟ್ಟರು. ಮಾತು ಮೊದಲು ಒಳಗೆ ಹುಟ್ಟುತ್ತದೆ. ನಾಲಗೆಗೆ ಬರುವುದು ಆಮೇಲೆ. ಕೊನೆಯ ಮೆಟ್ಟಿಲೊಂದು ಮುರಿದಿದ್ದರೆ ಉಳಿದವೂ ಮುರಿದಿವೆಯೆಂದು ಹೇಳುವುದು ನ್ಯಾಯವೆ? ಈ ಸಣ್ಣ ವಿವೇಕವನ್ನು ಮರೆತುದರಿಂದಲೇ ಎಷ್ಟೋ ಮನೆಗಳಲ್ಲಿ ಮಾತು ಬಾರದ ಮಗು ಬುದ್ಧಿಯಿಲ್ಲದ ಮಗುವೆನಿಸಿಕೊಂಡು ಮೂಲೆಯಲ್ಲಿ ಬೆಳೆಯುತ್ತದೆ.

ಇಂಥವರಿಗೆ ಮಾತಿನ ಬೇರೆ ದಾರಿಗಳುಂಟು. 1960ರ ಸುಮಾರಿಗೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ರೆಗ್ ಮೇಲಿಂಗ್ ಎಂಬವರು, ಕೈಕಾಲು ಆಡದ ರೋಗಿಯು ಕೊಳವೆಯೊಂದರಲ್ಲಿ ಉಸಿರನ್ನು ಊದಿ, ಹೀರಿ, ಅದರಿಂದಲೇ ಬೆರಳಚ್ಚು ಯಂತ್ರವನ್ನು ನಡೆಸುವ ಸಾಧನ ಮಾಡಿದರು. ಕೆನಡದ ಟೊರಾಂಟೊದಲ್ಲಿ 1971ರಲ್ಲಿ ಶರ್ಲಿ ಮೆಕ್‌ನಾಟನ್ ಎಂಬ ಉಪಾಧ್ಯಾಯಿನಿಯೂ ಅವರ ಸಂಗಡಿಗರೂ, ಚಾರ್ಲ್ಸ್ ಬ್ಲಿಸ್ ಬೇರೊಂದು ಉದ್ದೇಶಕ್ಕೆ ರಚಿಸಿದ್ದ ಚಿಹ್ನಲಿಪಿಯನ್ನು ಹಲಗೆಯ ಮೇಲೆ ಬರೆದು, ಮಾತು ಬಾರದ ಮಕ್ಕಳ ಮುಂದಿಟ್ಟರು. ಮಕ್ಕಳು ಚಿಹ್ನೆಗಳನ್ನು ತೋರಿಸಿ ಮಾತಾಡತೊಡಗಿದರು. ಫ್ರಾನ್ಸಿನ ಪತ್ರಿಕಾ ಸಂಪಾದಕ ಜಾನ್ ಡೊಮಿನಿಕ್ ಬೊಬಿ ಅವರಿಗೆ 1995ರಲ್ಲಿ ಮೆದುಳಿನ ಆಘಾತವಾಗಿ, ಸ್ವಾಧೀನದಲ್ಲಿ ಉಳಿದುದು ಹೆಚ್ಚುಕಡಿಮೆ ಎಡಗಣ್ಣಿನ ರೆಪ್ಪೆಯೊಂದೇ. ಎದುರಿನವರು ಅಕ್ಷರಗಳನ್ನು ಒಂದೊಂದಾಗಿ ಹೇಳುವುದು, ಬೇಕಾದ ಅಕ್ಷರಕ್ಕೆ ಅವರು ರೆಪ್ಪೆ ಬಡಿಯುವುದು: ಹೀಗೆ ಒಂದು ಪುಸ್ತಕವೇ ಸಿದ್ಧವಾಗಿ 1997ರಲ್ಲಿ ಪ್ರಕಟವಾಯಿತು.

ಸ್ಟೀಫನ್ ಹಾಕಿಂಗ್ ಅವರ ಹೆಸರನ್ನು ನೀವು ಕೇಳಿಯೇ ಇದ್ದೀರಿ. 1985ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಿಂದ ಆ ವಿಜ್ಞಾನಿಯ ಮಾತು ಪೂರ್ತಿ ನಿಂತಿತು. ಮೊದಲು ಅಕ್ಷರದ ಹಲಗೆಯನ್ನು ನೋಡಿ ಹುಬ್ಬೇರಿಸಿ ತಿಳಿಸುತ್ತಿದ್ದರು. ಅನಂತರ ಕಂಪ್ಯೂಟರ್ ಬಂತು. ಬೆರಳಿನಿಂದ ಅದನ್ನು ನಡೆಸಿದರು. ಬೆರಳೂ ಸೋತ ಮೇಲೆ ಕೆನ್ನೆಯ ಒಂದು ಸ್ನಾಯುವಿನಿಂದ. 2018ರಲ್ಲಿ ತೀರಿಕೊಳ್ಳುವವರೆಗೂ ಆ ಯಂತ್ರದ ಕಂಠದಲ್ಲೇ ಲೋಕಕ್ಕೆ ಪಾಠ ಹೇಳಿದರು. ಅದಕ್ಕಿಂತ ಇಂಪಾದ ಯಂತ್ರಧ್ವನಿಗಳು ಬಂದರೂ ಹಳೆಯದನ್ನು ಬಿಡಲಿಲ್ಲ. ಅದೇ ಅವರ ಸ್ವಂತ ಧ್ವನಿಯಾಗಿಹೋಗಿತ್ತು.

ಇವೆಲ್ಲ ದೂರದ ದೊಡ್ಡವರ ಕಥೆ ಎನ್ನಬೇಡಿ. ಚೆನ್ನೈಯಲ್ಲಿ ಅಜಿತ್ ನಾರಾಯಣನ್ ಅವರು ‘ಆವಾಜ್’ ಎಂಬುದನ್ನೂ, ಮುಂಬಯಿಯ ಐ.ಐ.ಟಿ.ಯವರು ‘ಜೆಲ್ಲೊ’ ಎಂಬುದನ್ನೂ ಸಿದ್ಧಪಡಿಸಿದ್ದಾರೆ. ಚಿತ್ರವನ್ನು ಮುಟ್ಟಿದರೆ ಫಲಕ ಮಾತಾಡುತ್ತದೆ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಕೆಲಸ ಮಾಡುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾನೂನು ‘ಸಂವಹನ’ ಎಂಬ ಪದಕ್ಕೆ ಅರ್ಥ ಹೇಳುವಾಗ ಇಂಥ ಬದಲಿ ವಿಧಾನಗಳನ್ನೂ ಸೇರಿಸಿಕೊಂಡಿದೆ.

ಹಾಗಾದರೆ ಕೊರತೆ ಎಲ್ಲಿ? ತಿಳಿಯಬೇಕಾದವರಿಗೆ ತಿಳಿಯದಿರುವುದರಲ್ಲಿ. ಇಲ್ಲಿ ನಿಮ್ಮ ಕೈಯಲ್ಲಿರುವ ಫೋನು ಉಪಕಾರಕ್ಕೆ ಬರುತ್ತದೆ. ಚಿತ್ರದ ಹಲಗೆಯನ್ನು ಬಳಸುವ ಬಗೆಯನ್ನು ಹತ್ತು ಪುಟ ಓದಿ ತಿಳಿಯುವುದಕ್ಕಿಂತ ಎರಡು ನಿಮಿಷ ಕಣ್ಣಾರೆ ಕಂಡು ತಿಳಿಯುವುದು ಸುಲಭ. ಯೂಟ್ಯೂಬಿನಲ್ಲಿ ಅಂಥ ಚಲಚ್ಚಿತ್ರಗಳು ಬೇಕಾದಷ್ಟಿವೆ. ಹುಡುಕುವುದಕ್ಕೆ ಮಾತ್ರ ಸ್ವಲ್ಪ ಉಪಾಯ ಬೇಕು. ಈ ವಿದ್ಯೆಯನ್ನು ಇಂಗ್ಲಿಷಿನಲ್ಲಿ ಎ.ಎ.ಸಿ. ಎಂದು ಕರೆಯುತ್ತಾರೆ. ಆ ಮೂರಕ್ಷರ ಮಾತ್ರ ಬರೆದರೆ ಮನೆ ಕಟ್ಟುವ ಹಗುರ ಇಟ್ಟಿಗೆಗಳು ಸಾಲಾಗಿ ಬಂದು ನಿಲ್ಲುತ್ತವೆ, ಏಕೆಂದರೆ ಅವಕ್ಕೂ ಅದೇ ಹೆಸರು! ಆದ್ದರಿಂದ ಅದರೊಡನೆ ‘ಸಂವಹನ’, ‘ಆಟಿಸಂ’, ‘ಸೆರೆಬ್ರಲ್ ಪಾಲ್ಸಿ’, ‘ಚಿತ್ರಹಲಗೆ’ ಮೊದಲಾದ ಪದಗಳಲ್ಲಿ ನಿಮಗೆ ಬೇಕಾದುದನ್ನು ಕೂಡಿಸಿ. ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಹುಡುಕಿ.

ಸಿಕ್ಕಿದುದೆಲ್ಲ ಚಿನ್ನವಲ್ಲ. ಆರಿಸುವಾಗ ಮೂರು ಸಂಗತಿಗಳನ್ನು ಗಮನಿಸಿ. ಮೊದಲನೆಯದು, ಹೇಳುವವರು ಯಾರು, ಎಂದು ಹೇಳಿದರು ಎಂಬುದು. ವಾಕ್ ಚಿಕಿತ್ಸಕರೋ, ಸಾಧನವನ್ನು ಸ್ವತಃ ಬಳಸುವವರೋ, ಬರಿಯ ಮಾರಾಟಗಾರರೋ? ಎರಡನೆಯದು, ದೊಡ್ಡವರು ತಾವೂ ಮಾತಾಡುತ್ತ ಚಿತ್ರಗಳನ್ನು ಮುಟ್ಟಿ ತೋರಿಸುತ್ತಾರೆಯೆ, ತೋರಿಸಿ ಮಗುವಿಗೆ ಕಾಲಾವಕಾಶ ಕೊಡುತ್ತಾರೆಯೆ? ಹಸುಗೂಸು ಎಷ್ಟೋ ತಿಂಗಳು ನಮ್ಮ ಮಾತು ಕೇಳಿದ ಮೇಲಲ್ಲವೆ ‘ಅಮ್ಮ’ ಎನ್ನುವುದು? ಚಿತ್ರದ ಭಾಷೆಯೂ ಹಾಗೆಯೇ. ‘ಹೇಳು, ಹೇಳು’ ಎಂದು ಬಲವಂತ ಮಾಡುವ ಚಿತ್ರಗಳನ್ನು ಬದಿಗಿಡಿ.

ಮೂರನೆಯದು ಮುಖ್ಯವಾದುದು. ಕೆಲವು ಚಲಚ್ಚಿತ್ರಗಳಲ್ಲಿ ಸಹಾಯಕರು ಮಗುವಿನ ಕೈಯನ್ನೋ ಮೊಣಕೈಯನ್ನೋ ಹಿಡಿದಿರುತ್ತಾರೆ. ಮಗು ಸೊಗಸಾದ ವಾಕ್ಯಗಳನ್ನು ಬರೆದಂತೆ ಕಾಣುತ್ತದೆ. ನೋಡುವವರ ಕಣ್ಣು ತುಂಬುತ್ತದೆ. ಆದರೆ ಮಗುವಿಗೆ ಒಂದು ಚಿತ್ರ, ಸಹಾಯಕರಿಗೆ ಇನ್ನೊಂದು ಚಿತ್ರ ತೋರಿಸಿ ಪರೀಕ್ಷಿಸಿದಾಗ, ಬರೆಹದಲ್ಲಿ ಮೂಡಿದುದು ಸಹಾಯಕರು ಕಂಡ ಚಿತ್ರದ ಹೆಸರು! ಅವರು ವಂಚಿಸುತ್ತಿರಲಿಲ್ಲ, ತಮಗೇ ಅರಿವಿಲ್ಲದೆ ಕೈಯನ್ನು ನಡೆಸುತ್ತಿದ್ದರು. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘವು ಈ ಪದ್ಧತಿ ಕೂಡದೆಂದು 2018ರಲ್ಲಿ ಮತ್ತೊಮ್ಮೆ ಹೇಳಿತು. ಮಗುವಿನ ಹೆಸರಿನಲ್ಲಿ ಬೇರೆಯವರ ಮಾತು ಹೊರಟರೆ ಮಗು ಎರಡನೆಯ ಬಾರಿ ಮೂಕವಾದಂತೆಯೇ ಅಲ್ಲವೆ? ಬೆರಳೋ ಕಣ್ಣೋ, ಆರಿಸುವ ಕ್ರಿಯೆ ಮಗುವಿನದೇ ಆಗಿರಬೇಕು.

ತಾಯಂದಿರಿಗೆ ಒಂದು ಹೆದರಿಕೆಯುಂಟು: ಚಿತ್ರ ಕೊಟ್ಟರೆ ಇದ್ದಬದ್ದ ಮಾತೂ ನಿಂತುಹೋದೀತೆಂದು. ಹಾಗಾಗುವುದಿಲ್ಲ. ಈ ವಿಷಯದ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪರಿಶೀಲಿಸಿದಾಗ, ನೆಚ್ಚಬಹುದಾದ 27 ಪ್ರಕರಣಗಳಲ್ಲಿ ಒಂದರಲ್ಲಿಯೂ ಮಾತು ಕಡಿಮೆಯಾಗಿರಲಿಲ್ಲ. ಬಹುಪಾಲು ಪ್ರಕರಣಗಳಲ್ಲಿ, ಸ್ವಲ್ಪವಾದರೂ, ಹೆಚ್ಚಿತ್ತು. ಊರುಗೋಲು ಹಿಡಿದವನು ನಡೆಯುವುದನ್ನು ಮರೆಯುವುದಿಲ್ಲ.

ಕನ್ನಡ ಪಾಠ ಹೇಳುವವನಾಗಿ ಇನ್ನೊಂದು ಮಾತು. ಇಂಗ್ಲಿಷಿನ ಹಲಗೆಯನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿದರೆ ‘ನಾನು ಬೇಕು ನೀರು’ ಎಂದಾಗುತ್ತದೆ. ನಮ್ಮ ಮಗು ‘ನನಗೆ ನೀರು ಬೇಕು’ ಎನ್ನಬೇಕು. ಪದಗಳ ಕ್ರಮ ಬೇರೆ. ‘ನಾನು’ ಎಂಬುದು ಚತುರ್ಥಿಯಲ್ಲಿ ‘ನನಗೆ’ ಎಂದಾಗುವುದೂ ಬೇರೆ. ಒಂದು ಭಾಷೆಯ ವ್ಯಾಕರಣಕ್ಕೆ ಅಂಟದೆ ಅರ್ಥವನ್ನೇ ಚಿತ್ರಗಳಲ್ಲಿ ಜೋಡಿಸುವುದು ಹೇಗೆ ಎಂಬುದನ್ನು ಅಜಿತ್ ನಾರಾಯಣನ್ ಅವರು 2013ರ ಭಾಷಣವೊಂದರಲ್ಲಿ ವಿವರಿಸಿದ್ದಾರೆ. ಅದೂ ನೋಡಲು ದೊರೆಯುತ್ತದೆ. ಮನೆಯಲ್ಲಿ ನೀವೇ ಹಲಗೆ ಮಾಡುವುದಾದರೆ ತಿಂಡಿ, ಪ್ರಾಣಿಗಳ ಹೆಸರುಗಳಷ್ಟೇ ಸಾಲವು. ಬೇಕು, ಬೇಡ, ಸಾಕು, ಇನ್ನೂ, ಬಾ, ಯಾಕೆ, ನೋವು, ಈ ಪದಗಳು ಮೊದಲು ಬರಲಿ. ‘ಬೇಡ’ ಎನ್ನಲು ಬಾರದ ಮಗುವಿಗೆ ಅಳುವುದೂ ಕಚ್ಚುವುದೂ ಬಿಟ್ಟು ಬೇರೆ ಉಪಾಯವೇನಿದೆ?

ಹಂಚುವಾಗಲೂ ಒಂದು ಮರ್ಯಾದೆಯುಂಟು. ಒಂದೇ ಸಲಕ್ಕೆ ಇಪ್ಪತ್ತು ಕಳುಹಿಸಿದರೆ ಒಂದನ್ನೂ ಯಾರೂ ನೋಡರು. ನೀವು ಪೂರ್ತಿ ನೋಡಿದುದನ್ನು, ಒಂದನ್ನೇ, ‘ಮೂರನೆಯ ನಿಮಿಷದಿಂದ ನೋಡಿ, ನಿಮ್ಮ ಮಗನಿಗೆ ಉಪಯೋಗವಾದೀತು’ ಎಂದು ಕನ್ನಡದಲ್ಲಿ ಎರಡು ಸಾಲು ಬರೆದು ಕಳುಹಿಸಿ. ಇಂಗ್ಲಿಷಿನದಾದರೆ ಸಾರಾಂಶ ತಿಳಿಸಿ. ನಿಮ್ಮ ಮನೆಯ ಅಥವಾ ನೆರೆಮನೆಯ ಮಗುವಿನ ಚಿತ್ರ ತೆಗೆದು ಲೋಕಕ್ಕೆಲ್ಲ ಬಿತ್ತರಿಸುವ ಮುನ್ನ ಮಾತ್ರ ನಿಲ್ಲಿ. ಹೆತ್ತವರನ್ನು ಕೇಳಿ, ಮಗುವನ್ನೂ ಕೇಳಿ. ಅಳುವ, ಸೋಲುವ ಗಳಿಗೆಯನ್ನು ಊರಿಗೆ ತೋರಿಸುವುದು ನಮಗೂ ಇಷ್ಟವಿಲ್ಲವಷ್ಟೆ.

ಚಲಚ್ಚಿತ್ರ ನೋಡಿದಷ್ಟಕ್ಕೆ ಚಿಕಿತ್ಸೆಯಾಗದು. ತಜ್ಞರ ಬಳಿಗೆ ಹೋಗಲೇಬೇಕು. ಆದರೆ ಹೋಗುವ ದಾರಿಯೊಂದಿದೆಯೆಂದು ತೋರಿಸಿಕೊಡುವ ಕೆಲಸವನ್ನು ಅದು ಮಾಡೀತು. ನಿಮ್ಮ ಬೀದಿಯಲ್ಲಿ ಮಾತು ಬಾರದ ಮಗುವಿದ್ದರೆ ಆ ಮನೆಯವರಿಗೆ ಈ ವಿಷಯ ತಿಳಿಸಿ. ತಿಳಿಸಲು ಹೋದಾಗ ಮಗುವಿನ ಎದುರಿಗೆ ಕುಳಿತು, ಅದನ್ನೂ ಮಾತಾಡಿಸಿ. ಉತ್ತರ ತಡವಾದೀತು. ಕಾದು ಕುಳಿತುಕೊಳ್ಳಿ.